ಗೂಳಿ ಇದ್ದ ಮಾತ್ರಕ್ಕೆ ಅದು ಯು-47 ಅಲ್ಲ: ನನ್ನ ಅನುಭವ

ನನ್ನ ಹತ್ತಿರ ಒಂದು ಹಳೇ ಫೋಟೋದ ಪ್ರತಿ ಇದೆ. ಜರ್ಮನ್ ಸಬ್‌ಮರೀನ್, ಡೆಕ್ಕಿನ ನಡುವೆ ಎದ್ದಿರುವ ಗೋಪುರದ ಮೇಲೆ ಬುಸುಗುಡುವ ಗೂಳಿಯ ಚಿತ್ರ. ಎರಡನೇ ಮಹಾಯುದ್ಧ ಶುರುವಾದಾಗ ಗೋಪುರದ ನಂಬರುಗಳನ್ನು ಅಳಿಸಿಬಿಟ್ಟಿದ್ದರು. ಹಾಗಾಗಿ ಗುರುತು ಹಿಡಿಯಲು ಲಾಂಛನವೇ ಗತಿ. ಗೂಳಿ ಅಂದರೆ ಕ್ಯಾಪ್ಟನ್ ಗುಂಥರ್ ಪ್ರೀನ್‌ನ ಸಬ್‌ಮರೀನ್ ಯು-47, ಅಲ್ವಾ? 1939ರ ಅಕ್ಟೋಬರ್ 14ರಂದು ಬ್ರಿಟಿಷ್ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ರಾಯಲ್ ಓಕ್ ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ. ಫೋಟೋ ಹಿಂದೆ ಹಾಗೇ ಬರೆದಿಟ್ಟಿದ್ದೆ.

ಆದರೆ ಏನೋ ಸರಿಹೋಗುತ್ತಿರಲಿಲ್ಲ. ಕೊನೆಗೆ ಗೂಳಿಯನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನಷ್ಟೇ ನೋಡಿದೆ. ಗೋಪುರದ ಹಿಂದೆ ವಿಮಾನಗಳಿಗೆ ಗುಂಡು ಹಾರಿಸುವ ಗನ್ ಇಡುವ ಕಟ್ಟೆ ಒಂದಲ್ಲ, ಎರಡು, ಮೆಟ್ಟಿಲಿನಂತೆ ಒಂದರ ಕೆಳಗೊಂದು. ಮುಂದಿನ ಡೆಕ್ಕಿನಲ್ಲಿ 8.8 ಸೆಂ.ಮೀ. ತೋಪು ಇಲ್ಲ. ವಿಮಾನಗಳ ಕಾಟ ಜಾಸ್ತಿಯಾದ ಮೇಲೆ, 1943ರ ಹೊತ್ತಿಗೆ ಮಾಡಿದ ಬದಲಾವಣೆ ಇದು. ಯು-47 ಕಾಣೆಯಾದದ್ದು 1941ರ ಮಾರ್ಚ್‌ನಲ್ಲೇ!

ಆಗ ಗಂಟು ಬಿಚ್ಚಿತು. ಪ್ರೀನ್‌ನ ಗೂಳಿಯನ್ನು ಆಮೇಲೆ 7ನೇ ಫ್ಲೋಟಿಲ್ಲಾ (ಸಬ್‌ಮರೀನ್‌ಗಳ ತಂಡ) ಇಡೀ ತನ್ನ ಲಾಂಛನ ಮಾಡಿಕೊಂಡಿತ್ತು. ಫ್ರಾನ್ಸಿನ ಸೇಂಟ್ ನಜೇರ್ ಅದರ ನೆಲೆ. ಇನ್ನೊಂದು ಸಬ್‌ಮರೀನ್ ಯು-96ರ ನಗುವ ಗರಗಸ ಮೀನೂ ಹೀಗೇ 9ನೇ ಫ್ಲೋಟಿಲ್ಲಾದ ಗುರುತಾಯಿತು. ಹಳೇ ಬರಹ ಅಳಿಸಿ ಈಗ ಬರೆದಿದ್ದೇನೆ: '7ನೇ ಫ್ಲೋಟಿಲ್ಲಾ, 1943 ಅಥವಾ ನಂತರ'.