ಮೆಶ್ ಸಣ್ಣದಾದಷ್ಟೂ ಏರುತ್ತಿದ್ದ ಒತ್ತಡ: ಕೃತಕ ಮಂಡಿಯ ಮಾದರಿಯಲ್ಲಿ ನನ್ನ ಅನುಭವ

ಕೃತಕ ಮಂಡಿಯಲ್ಲಿ ತೊಡೆಮೂಳೆಯ ತುದಿಗೆ ಕೂರಿಸುವ ಕೋಬಾಲ್ಟ್-ಕ್ರೋಮ್ ಲೋಹದ ಭಾಗವು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಮೆತ್ತೆಯ ಮೇಲೆ ಉರುಳುತ್ತ, ಜಾರುತ್ತ ಚಲಿಸುತ್ತದೆ. ಮೆತ್ತೆಯೊಳಗಿನ ಒತ್ತಡವನ್ನು ಫೈನೈಟ್ ಎಲಿಮೆಂಟ್ ವಿಧಾನದಿಂದ, ಅಂದರೆ ವಸ್ತುವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವಾಗ, ಆ ತುಂಡುಗಳ ಜಾಲವಾದ ಮೆಶ್ ಅನ್ನು ಸಣ್ಣದಾಗಿಸಿದಷ್ಟೂ ಗರಿಷ್ಠ ಒತ್ತಡ ಏರುತ್ತಲೇ ಹೋಗುತ್ತಿತ್ತು. ಎಲ್ಲಿಯೂ ನಿಲ್ಲುವ ಲಕ್ಷಣ ಕಾಣಲಿಲ್ಲ.

ಒತ್ತಡ ತೋರಿಸುವ ಬಣ್ಣದ ನಕ್ಷೆಯನ್ನು ಹಿಗ್ಗಿಸಿ ನೋಡಿದಾಗ ಹೆಚ್ಚಿನ ಒತ್ತಡದ ಕೆಂಪು ಬಣ್ಣವು ಮೆತ್ತೆಯ ನಡುವೆ ಎದ್ದು ನಿಂತ ಗೂಟದ ಬುಡದಲ್ಲಿ ಒತ್ತಾಗಿ ಸೇರಿತ್ತು. ನಮಗೆ ಬಂದ ಕಡತದಲ್ಲಿ ಆ ಒಳಮೂಲೆಯ ದುಂಡುತನವನ್ನು ಸರಳೀಕರಣಕ್ಕಾಗಿ ಅಳಿಸಲಾಗಿತ್ತು. ರೇಖೀಯ ಸ್ಥಿತಿಸ್ಥಾಪಕ ಸಿದ್ಧಾಂತದ (ಒತ್ತಡ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಸ್ತುವಿನ ವಿರೂಪವೂ ಹೆಚ್ಚುತ್ತದೆ ಎನ್ನುವ ಸಿದ್ಧಾಂತ) ಪ್ರಕಾರ ಚೂಪಾದ ಒಳಮೂಲೆಯಲ್ಲಿ ಒತ್ತಡ ಅನಂತವಾಗುವುದರಿಂದ, ಎಷ್ಟೇ ಸಣ್ಣ ಮೆಶ್ ಹಾಕಿದರೂ ಅಲ್ಲಿ ಸ್ಥಿರವಾದ ಉತ್ತರ ಸಿಗುವುದಿಲ್ಲ. ನಿಜವಾದ ಮೆತ್ತೆಯಲ್ಲಿರುವ ದುಂಡುತನವನ್ನು ಮರಳಿ ಸೇರಿಸಿದ ಕೂಡಲೇ ಆ ಏರಿಕೆ ನಿಂತಿತು.

ಆದರೂ ಸಂಪರ್ಕದ ಜಾಗದಲ್ಲಿ ಪಟ್ಟೆಪಟ್ಟೆಯಾದ ಒತ್ತಡ ಉಳಿದೇ ಇತ್ತು. ಲೋಹದ ಬಾಗಿದ ಮೈಯನ್ನು ಚಪ್ಪಟೆ ತುಂಡುಗಳಿಂದ ಕಟ್ಟಿದ್ದರಿಂದ ತುಂಡುಗಳು ಕೂಡುವ ಅಂಚುಗಳು ಮೆತ್ತೆಯನ್ನು ಒತ್ತುತ್ತಿದ್ದವು. ಲೋಹವು ಪಾಲಿಎಥಿಲೀನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿರುಸಾದ್ದರಿಂದ ಅದನ್ನು ಹೊರೆ ಬಿದ್ದರೂ ಆಕಾರ ಬದಲಿಸದ ನಯವಾದ ಮೇಲ್ಮೈಯೆಂದೇ ನಾನು ಪರಿಗಣಿಸಿದೆ. ಪಟ್ಟೆಗಳು ಮಾಯವಾದವು, ಲೆಕ್ಕವೂ ಬೇಗ ಮುಗಿಯತೊಡಗಿತು. ಗೋಳ ಮತ್ತು ಸಮತಲದ ಸರಳ ಮಾದರಿಯನ್ನು ಬಾಗಿದ ಮೈಗಳು ತಾಗಿದಾಗಿನ ಒತ್ತಡವನ್ನು ಕೊಡುವ ಹರ್ಟ್ಸ್ ಸೂತ್ರದೊಂದಿಗೆ ತಾಳೆ ನೋಡಿದ ಮೇಲೆಯೇ ನನಗೆ ನಂಬಿಕೆ ಬಂತು.

ಸಹಜ ಮಂಡಿಗೆ ಈ ಕ್ರಮವನ್ನು ಹಾಗೆಯೇ ಅನ್ವಯಿಸಬಾರದು. ಅಲ್ಲಿ ಮೃದ್ವಸ್ಥಿಯೊಳಗಿನ ದ್ರವವೇ ಹೊರೆಯ ದೊಡ್ಡ ಪಾಲನ್ನು ಹೊರುತ್ತದೆ, ಮೂಳೆಗಳ ನಡುವಿನ ಅರ್ಧಚಂದ್ರಾಕಾರದ ಮೆತ್ತೆಯಾದ ಮೆನಿಸ್ಕಸ್ ಸಂಪರ್ಕದ ಜಾಗವನ್ನು ಹಿಗ್ಗಿಸುತ್ತದೆ. ಮೆನಿಸ್ಕಸ್ ಅನ್ನು ಬಿಟ್ಟು ಕಟ್ಟಿದ ಮಾದರಿಯಲ್ಲಿ ಒತ್ತಡ ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಬರುತ್ತದೆ.