ತೂಕದಿಂದ ಬಿಡಿಸಿದ ನಮ್ಮ ಅಂಗಡಿಯ ಚರಿತ್ರೆ

ಕುಮಟೆಯಲ್ಲಿ ನಮ್ಮ ಚಿನ್ನದಂಗಡಿ ಯಾವಾಗ ಆರಂಭವಾಯಿತು ಎಂಬುದಕ್ಕೆ ಮನೆಯಲ್ಲಿ ಎರಡು ಉತ್ತರಗಳಿದ್ದವು. ಪೋರ್ಚುಗೀಸರ ಕಾಟ ತಾಳಲಾರದೆ ಗೋವೆ ಬಿಟ್ಟು ಬಂದ ಮೂಲಪುರುಷನೇ ಇಲ್ಲಿ ಕುಲುಮೆ ಹೂಡಿದನು, ಅದಕ್ಕೆ ನಾನೂರು ವರ್ಷ ದಾಟಿತು ಎಂದು ಅಜ್ಜಿ ಹೇಳುತ್ತಿದ್ದರು. ಅಷ್ಟೆಲ್ಲ ಇಲ್ಲ, ಕುಮಟೆ ಬಂದರಿಗೆ ಹತ್ತಿ ಬರುತ್ತಿದ್ದ ಕಾಲದಲ್ಲಿ ಬಂದವರು ನಾವು ಎಂಬುದು ತಂದೆಯವರ ಮಾತು. ತಂದೆಯವರ ಮಾತೇ ಸರಿ ಎಂಬುದನ್ನು ಮೂರು ವರ್ಷ ದುಡಿದು ತೋರಿಸಿದ್ದೇನೆ. ಗಿರಾಕಿಗಳ ಮನೆಯ ಒಡವೆಗಳನ್ನು ತೂಗಿ ಅಂಗಡಿಯ ಚರಿತ್ರೆ ಬರೆಯುತ್ತೇನೆಂದಾಗ ನಮ್ಮ ಶೇಟ್ ಬಂಧುಗಳಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಈಗ ಹೊನ್ನಾವರ, ಅಂಕೋಲೆಗಳ ಅಂಗಡಿಯವರು ತಮ್ಮ ಹಳೆಯ ಲೆಕ್ಕದ ಕಿರ್ದಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿರುವುದರಿಂದ, ನಡೆದುದನ್ನು ಬರೆದಿಡುತ್ತಿದ್ದೇನೆ.

ಮೊದಲ ವರ್ಷದ ಹಣ ನೀರಿನಲ್ಲಿ ಹೋಯಿತು. ವಂಶಚರಿತ್ರೆ ಬರೆದುಕೊಡುವ ಒಬ್ಬರಿಗೆ ಸುಮಾರು 40 ಸಾವಿರ ಕೊಟ್ಟೆ. ಅವರು ನಮ್ಮ ಅಜ್ಜಿಯ ಕಥೆಯನ್ನೇ ಅಂದವಾಗಿ ಟೈಪು ಮಾಡಿ ತಂದುಕೊಟ್ಟರು. ಬಳಿಕ ನಾನೇ ಗೋವೆಗೆ ಎರಡು ಸಲ ಹೋಗಿ ಬಂದೆ. ನಮ್ಮ ಕುಲದೇವಿ ಶಿರೋಡೆಯ ಕಾಮಾಕ್ಷಿ. ಆ ದೇವಿಯೂ ಮೂಲತಃ ಅಲ್ಲಿಯವಳಲ್ಲ. ಹದಿನಾರನೆಯ ಶತಮಾನದಲ್ಲಿ ಸಾಷ್ಟಿಯ ರಾಯ ಗ್ರಾಮದಿಂದ ಭಕ್ತರು ಹೊತ್ತು ತಂದು ನೆಲೆಗೊಳಿಸಿದವಳು. ದೇವಸ್ಥಾನದ ಅಂಗಳದಲ್ಲಿ ಕುಳಿತಿದ್ದಾಗ ನನಗೆ ಹೊಳೆದದ್ದೇನೆಂದರೆ, ಅಜ್ಜಿ ಹೇಳುತ್ತಿದ್ದುದು ದೇವಿ ವಲಸೆ ಹೋದ ಕಾಲವನ್ನು. ಅದೇ ಕಾಲ ಬಾಯಿಂದ ಬಾಯಿಗೆ ಬರುತ್ತ ನಮ್ಮ ಅಂಗಡಿಗೆ ಅಂಟಿಕೊಂಡಿತ್ತು.

ಉಳಿದದ್ದು ಅಟ್ಟದ ಮೇಲಿನ ಕಿರ್ದಿಗಳು. ಹನ್ನೊಂದು ಪುಸ್ತಕಗಳಲ್ಲಿ ನಾಲ್ಕನ್ನು ಗೆದ್ದಲು ತಿಂದಿತ್ತು. ಸರಕಾರ ಚಿನ್ನದ ವ್ಯವಹಾರಕ್ಕೆ ಕಟ್ಟು ಹಾಕಿದ್ದ ಚಿನ್ನ ನಿಯಂತ್ರಣದ ಕಾಲದಲ್ಲಿ ತಪಾಸಣೆಗೆಂದು ಒಯ್ದ ಇವಲ್ಲದ ಬೇರೆ ಮೂರು ಪುಸ್ತಕಗಳು ಮರಳಿ ಬರಲೇ ಇಲ್ಲವೆಂದು ತಂದೆಯವರು ಕೊನೆಯವರೆಗೂ ಕೊರಗುತ್ತಿದ್ದರು. ಇದ್ದ ಏಳರಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಒಂದರ ಮೊದಲ ಹಾಳೆಯಲ್ಲಿ ಪ್ರಜೋತ್ಪತ್ತಿ ಸಂವತ್ಸರ ಎಂದಷ್ಟೇ ಇತ್ತು, ಶಕೆಯ ಅಂಕಿ ಹರಿದುಹೋಗಿತ್ತು. ಪುಟಪುಟಗಳಲ್ಲೂ ಜನರು ಒಡವೆ ಮಾರಿದ ಲೆಕ್ಕವೇ ಇದ್ದುದರಿಂದ, ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದ ಮೇಲಿನ 1871ರ ಪುಸ್ತಕವೆಂದು ತೀರ್ಮಾನಿಸಿ ಬಂಧುಗಳ ಮುಂದೆ ಓದಿಯೂ ಬಿಟ್ಟೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಬಲ್ಲ ನಾನೇ ಅದನ್ನು ಮರೆತಿದ್ದೆ. ಆ ಪುಸ್ತಕದಲ್ಲಿ ತೊಲಕ್ಕೆ ಇಪ್ಪತ್ತೊಂದು ರೂಪಾಯಿಯ ಆಸುಪಾಸಿನಲ್ಲಿದ್ದ ದರ ನವರಾತ್ರಿಯ ಹೊತ್ತಿನಿಂದ ಏರತೊಡಗುತ್ತದೆ. ಬ್ರಿಟನ್ 1931ರ ಸೆಪ್ಟೆಂಬರಿನಲ್ಲಿ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಚಿನ್ನದ ಮಾನಕವನ್ನು ಬಿಟ್ಟಿತು, ಆರ್ಥಿಕ ಕುಸಿತದ ಕಾಲದಲ್ಲಿ ಸಾಲಕ್ಕೆ ಸಿಲುಕಿದ್ದ ನಮ್ಮ ರೈತರು ಮೈಮೇಲಿನ ಬಂಗಾರವನ್ನು ಮಾರಿದರು, ಆ ಬಂಗಾರ ಹಡಗು ಹತ್ತಿ ಹೊರದೇಶಕ್ಕೆ ಹೋಯಿತು. ಅದು 1931ರ ಪುಸ್ತಕ.

ದರವೊಂದನ್ನೇ ನಂಬಬಾರದೆಂದು ತೂಕಕ್ಕೆ ಬಂದೆ. ನಮ್ಮವರು ಪ್ರತಿ ಒಡವೆಯ ತೂಕವನ್ನು ತೊಲ ಮತ್ತು ಗುಲಗಂಜಿಯಲ್ಲಿ ಬರೆದಿದ್ದಾರೆ; ತೊಲಕ್ಕೆ 96 ಗುಲಗಂಜಿ, ತೊಲವೆಂದರೆ ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಒಡವೆ ಇನ್ನೂ ಅದೇ ಮನೆಯಲ್ಲಿದ್ದು, ಅದರ ಮೇಲೆ ನಮ್ಮ ಅಂಗಡಿಯ ಗುರುತಿನ ಠಸ್ಸೆಯಿದ್ದು, ತೂಕವೂ ತಾಳೆಯಾದರೆ ಪುಸ್ತಕದ ಸಾಲು ಯಾವ ತಲೆಮಾರಿನದೆಂದು ಹೇಳಬಹುದು. ಸವೆದ ಒಡವೆಯ ತೂಕ ಹೇಗೆ ತಾಳೆಯಾಗುತ್ತದೆ ಎಂದು ಎಲ್ಲರೂ ಕೇಳಿದರು. ಅವಲಕ್ಕಿ ಸರ ಕೊಂಡಿಗಳಲ್ಲಿ ಸವೆಯುತ್ತದೆ, ಬಳೆ ಒಳಮೈಯಲ್ಲಿ ಸವೆಯುತ್ತದೆ, ಕಿವಿಯ ಕೊಪ್ಪು ಬಹುತೇಕ ಸವೆಯುವುದೇ ಇಲ್ಲ. ಯಾವುದಕ್ಕೆ ಎಷ್ಟು ಕೂಡಿಸಬೇಕೆಂಬ ಪಟ್ಟಿಯನ್ನು ನಾನು ಕೈಯಾರೆ ಕಟ್ಟಿದ್ದೇನೆ. ಅದನ್ನೂ, ಮಾಸಿದ ಠಸ್ಸೆ ಕಾಣುವಂತೆ ನಾನು ಹಚ್ಚುವ ಪುಡಿಯನ್ನೂ ಇಲ್ಲಿ ಬರೆಯುವುದಿಲ್ಲ, ಅವು ಅಂಗಡಿಯೊಳಗೇ ಇರಲಿ.

ಒಡವೆ ತೋರಿಸಿರೆಂದರೆ ಯಾರು ತೋರಿಸುತ್ತಾರೆ? ಅದಕ್ಕಾಗಿ ಮನೆಗೇ ಹೋಗಿ, ಯಜಮಾನಿತಿಯ ಕಣ್ಣೆದುರಿಗೆ ಅಂಟುವಾಳದ ನೊರೆಯಲ್ಲಿ ಪುಕ್ಕಟೆ ತೊಳೆದುಕೊಡುತ್ತೇನೆಂದೆ. ಅಲ್ಲಿಂದ ಬಾಗಿಲು ತೆರೆಯಿತು. ಸುಮಾರು 140 ಮನೆಗಳಾದವು. ವಾರಕ್ಕೆ ಎರಡು ದಿನ ಅಂಗಡಿ ಬಿಟ್ಟುಹೋದ ನಷ್ಟವನ್ನೂ ಸೇರಿಸಿದರೆ ಒಂದೂವರೆ ಲಕ್ಷಕ್ಕೆ ಕಡಿಮೆಯಾಗಿಲ್ಲ.

ನಡುವೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಮೂವತ್ತರಷ್ಟು ಒಡವೆಗಳನ್ನು ಒಪ್ಪಿಗೆ ಪಡೆದು ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರಿನಲ್ಲಿ ಇಡಿಸಿದೆ. ಠಸ್ಸೆಯಿಲ್ಲದವುಗಳ ಕಾಲವನ್ನು ಶುದ್ಧತೆಯ ಮಟ್ಟದಿಂದ ಹೇಳಬಹುದೆಂಬ ಆಸೆ ಕೈಗೂಡಲಿಲ್ಲ. ಆದರೆ ಬೆಸುಗೆಯ ಜಾಗದಲ್ಲಿ ಕ್ಯಾಡ್ಮಿಯಂ ಕಂಡರೆ ಅದು ಈಚಿನ ಕೆಡಿಎಂ, ಅಂದರೆ ಕ್ಯಾಡ್ಮಿಯಂ ಬೆಸುಗೆಯ ದುರಸ್ತಿ, ಮೂಲದ ತೂಕ ಕೆಟ್ಟಿದೆ ಎಂದು ತಿಳಿದು, ಅಂತಹ ಏಳೆಂಟನ್ನು ಲೆಕ್ಕದಿಂದ ತೆಗೆದೆ. ಅದಾದ ಮೇಲೆಯೇ ತಾಳೆಗಳು ಒಂದರ ಹಿಂದೊಂದು ಕೂಡಿಬಂದವು.

ಅತಿ ಹಳೆಯ ತಾಳೆ ಹತ್ತಿರದ ಹಳ್ಳಿಯ ಒಂದು ಮನೆಯ ಜೋಡಿ ಕೊಪ್ಪು. ಒಳಮೈಯಲ್ಲಿ ಎಳ್ಳುಕಾಳಿನಷ್ಟು ದೇವನಾಗರಿ ಅಕ್ಷರವಿತ್ತು. ಕನ್ನಡ ಅಕ್ಷರದ ಠಸ್ಸೆ ನಮ್ಮಲ್ಲಿ ಎರಡನೆಯ ತಲೆಮಾರಿನಿಂದ ಬಂದದ್ದು, ಹಾಗಾಗಿ ಇದು ಅದಕ್ಕೂ ಹಿಂದಿನದು. ತಕ್ಕಡಿ 13.9 ಗ್ರಾಂ ತೋರಿಸಿತು. ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಅತಿ ಹಳೆಯ ಪುಸ್ತಕದಲ್ಲಿ, ಶಕೆ 1790 ವಿಭವ ಸಂವತ್ಸರ ಎಂಬ ತಲೆಬರಹದ ಕೆಳಗೆ, ಅದೇ ಮನೆತನದ ಹೆಸರಿಗೆ 1 ತೊಲ 20 ಗುಲಗಂಜಿಯ ಕೊಪ್ಪಿನ ಸಾಲಿದೆ, ಅಂದರೆ 14.1 ಗ್ರಾಂ. ವರ್ಷ 1868. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟೆ ಬಂದರಿಗೆ ಬರುತ್ತಿದ್ದ ಕಾಲವದು. 1888ರಲ್ಲಿ ಮರ್ಮಗೋವೆಗೆ ರೈಲು ಹಾದು ಹತ್ತಿಯ ಹಾದಿ ಬೇರೆಯಾದಾಗಲೂ ನಮ್ಮವರು ಊರು ಬಿಡಲಿಲ್ಲ. ಘಟ್ಟದ ಅಡಿಕೆ ತೋಟದವರ ಕೊಯ್ಲಿನ ಲೆಕ್ಕ ಅವರನ್ನು ಹಿಡಿದು ನಿಲ್ಲಿಸಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ತಾಳೆ ಇದಕ್ಕಿಂತ ಬಹಳ ಈಚಿನದು. ಒಂದು ಮನೆಯವರು ನಮ್ಮ ಅಜ್ಜ ಮದುವೆಯ ಬಳೆಗಳಲ್ಲಿ ತಾಮ್ರ ಬೆರೆಸಿ ಮೋಸ ಮಾಡಿದರೆಂದು ಅರವತ್ತು ವರ್ಷ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ತಂದೆಯವರ ಹೆಸರು ಹೇಳಿ, ಹೆಚ್ಚೂ ಕಡಿಮೆ ಬೇಡಿಕೊಂಡು, ಒಳಗೆ ಹೋದೆ. ಕೆಂಪಗೆ ಮಾಸಿದ್ದ ಬಳೆಯನ್ನು ತೊಳೆದಾಗ ನಮ್ಮ ಅಕ್ಷರದ ಪಕ್ಕದಲ್ಲಿ 14 ಎಂಬ ಅಂಕಿ ಕಂಡಿತು. 1963ರ ಜನವರಿಯ ಚಿನ್ನ ನಿಯಂತ್ರಣ ನಿಯಮದಂತೆ 14 ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡುವಂತಿರಲಿಲ್ಲ. ನೂರರಲ್ಲಿ ಐವತ್ತೆಂಟು ಭಾಗವಷ್ಟೇ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಕಿರ್ದಿಯನ್ನು ಜೊತೆಗೇ ಒಯ್ದಿದ್ದೆ. ತೂಕ ತಾಳೆಯಾಯಿತು, ಅಜ್ಜ 14ರ ದರವನ್ನೇ ಹಿಡಿದು, ಕೂಲಿಯಲ್ಲಿ ಅರ್ಧ ಬಿಟ್ಟಿದ್ದರು. ಆ ಮನೆಯ ಹಿರಿಯ ಯಜಮಾನಿತಿಯವರು ಸಾಲನ್ನು ಎರಡು ಸಲ ಓದಿಸಿಕೊಂಡು, ಬಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಅಲ್ಲಿಯೇ ತೊಟ್ಟುಕೊಂಡರು.