ಗೂಗಲ್‌ನಲ್ಲಿ ಸಿಕ್ಕ ಫೋಟೋ ಬ್ಯಾನರ್‌ಗೆ ಹಾಕಬಹುದಾ?

"ಅಕ್ಕಾ, ಗೂಗಲ್‌ನಲ್ಲಿ ಸಿಕ್ತು, ಹಾಕ್ಬಿಡಿ." ಕೊಡಗಿನ ವಿರಾಜಪೇಟೆಯ ನನ್ನ ಜೆರಾಕ್ಸ್-ಡಿಟಿಪಿ ಅಂಗಡಿಯಲ್ಲಿ ದಿನಾ ಕೇಳುವ ಮಾತು ಇದು. ಹೋಮ್‌ಸ್ಟೇ ಬೋರ್ಡು, ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ಬ್ಯಾನರ್, ಸ್ಮರಣ ಸಂಚಿಕೆ, ಎಲ್ಲಕ್ಕೂ ಇದೇ. ಹಾಕಬೇಕಾ ಬೇಡವಾ ಅಂತ ನಾನು ಹೇಗೆ ನೋಡುತ್ತೇನೆ, ಹೇಳುತ್ತೇನೆ.

ಕಾಪಿ ಮಾಡುವುದೇ ಪಾಪ ಅಂತ ನಾನು ಅನ್ನುವುದಿಲ್ಲ. ಕಣದಿಂದ ಒಂದು ಚೀಲ ಮೆಣಸು ಹೋದರೆ ತೋಟದವರಿಗೆ ಒಂದು ಚೀಲ ಕಡಿಮೆ. ಫೋಟೋ ಹಾಗಲ್ಲ, ನೀವು ಇಳಿಸಿಕೊಂಡರೂ ತೆಗೆದವರ ಹತ್ತಿರ ಇದ್ದೇ ಇರುತ್ತದೆ. ಆದರೆ ಬೇರೇನೋ ಹೋಗಿರಬಹುದು. ಅವರಿಗೆ ಬರಬೇಕಿದ್ದ ದುಡ್ಡು, ಅವರ ಹೆಸರು, ಕೆಲವು ಸಲ ಒಂದು ಮನೆಯ ಮರ್ಯಾದೆ. ಏನು ಹೋಯಿತು ಅಂತ ಮೊದಲು ನೋಡಿ.

ಅದಕ್ಕೆ ಫೋಟೋ ಯಾರದ್ದು ಅಂತ ಗೊತ್ತಾಗಬೇಕು. ಗೂಗಲ್ ಬರೀ ಹುಡುಕಿ ಕೊಡುತ್ತದೆ, ಫೋಟೋ ಅದರದ್ದಲ್ಲ. ಗೂಗಲ್ ಲೆನ್ಸ್‌ಗೆ ಹಾಕಿ, ದೊಡ್ಡ ಸೈಜಿನ ಪ್ರತಿ ಎಲ್ಲಿದೆ ನೋಡಿ. ತೆಗೆದವರ ಹೆಸರು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ನಮ್ಮ ಮಂಜಿನ ಬೆಟ್ಟ ಮಾಂದಲಪಟ್ಟಿಯ ಫೋಟೋ ಆದರೆ ಕೆಳಗಿನ ಮೂಲೆಯನ್ನು ಜೂಮ್ ಮಾಡಿ. ಹೆಸರು ಅಳಿಸಿದ ಜಾಗದಲ್ಲಿ ಮಂಜು ಒರೆಸಿದ ಹಾಗೆ ಕಾಣುತ್ತದೆ, ಇಲ್ಲವೇ ಒಂದೇ ಹುಲ್ಲಿನ ಗುಚ್ಛ ಪಕ್ಕಪಕ್ಕದಲ್ಲಿ ಎರಡು ಸಲ ಬಂದಿರುತ್ತದೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ನಸುಕಿನ ಚಳಿಯಲ್ಲಿ ಜೀಪು ಹತ್ತಿ ಹೋದವರ ಹೆಸರು ಉಜ್ಜಿ ತೆಗೆದು, ಅದರ ಮೇಲೆ ನಿಮ್ಮ ರೂಮಿನ ರೇಟು ಬರೆಯುವುದು ಯಾವ ನ್ಯಾಯ? 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿಬಿಟ್ಟ ಮೇಲೂ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳುವ ಹಕ್ಕು ಮಾಡಿದವರಿಗೇ ಉಳಿಯುತ್ತದೆ.

ಕೇಳುವುದು ಕಷ್ಟವೇನಲ್ಲ. ಹೀಗೆ ಬರೆಯಿರಿ: "ನಮಸ್ಕಾರ. ನಿಮ್ಮ ಮಾಂದಲಪಟ್ಟಿ ಫೋಟೋ ನಮ್ಮ ಹೋಮ್‌ಸ್ಟೇ ಬೋರ್ಡಿಗೆ ಬೇಕಿತ್ತು. ಅಳತೆ 6×4 ಅಡಿ, ಒಂದೇ ಬೋರ್ಡು. ನಿಮ್ಮ ಹೆಸರು ಹಾಕುತ್ತೇವೆ. ಎಷ್ಟು ಕೊಡಬೇಕು ತಿಳಿಸಿ." ಎಲ್ಲಿಗೆ, ಎಷ್ಟು ದೊಡ್ಡದು, ದುಡ್ಡಿನ ಮಾತು, ಮೂರೂ ಇರಲಿ. ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಅಂತಲ್ಲ. ವಿಕಿಮೀಡಿಯ ಕಾಮನ್ಸ್ ಅನ್ನೋ ವೆಬ್‌ಸೈಟಿನಲ್ಲಿ ಕೇಳದೆ ಬಳಸಬಹುದಾದ ಫೋಟೋಗಳಿವೆ. ಅಲ್ಲೂ ಪ್ರತಿ ಫೋಟೋದ ಷರತ್ತು ಓದಿ. ಸುಮಾರು ಫೋಟೋಗಳಿಗೆ ಹೆಸರು ಹಾಕಲೇಬೇಕು.

ಮದುವೆ ಫೋಟೋ ವಿಷಯ ಬೇರೆ. ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದರೆ, ಅದರ ಹಕ್ಕು ತೆಗೆಸಿದವರದ್ದು, ಸ್ಟುಡಿಯೋದವರದ್ದಲ್ಲ. ತುಂಬಾ ಜನರಿಗೆ ಇದು ಗೊತ್ತಿಲ್ಲ. ಯಾರದ್ದೋ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಮೆಟ್ಟಿಲ ಮೇಲೆ ನಿಂತ ಮದುಮಗಳನ್ನು ರೆಸಾರ್ಟಿನ ಜಾಹೀರಾತಿಗೆ ಹಾಕಿ ಅಂತ ಒಬ್ಬರು ಬಂದಿದ್ದರು. ಆಗಲ್ಲ ಅಂದೆ. ಅಲ್ಲಿ ದುಡ್ಡಿನ ನಷ್ಟಕ್ಕಿಂತ ಆ ಮನೆಯವರು ರಸ್ತೆಯಲ್ಲಿ ಆ ಬೋರ್ಡು ನೋಡಿದಾಗ ಏನಾಗುತ್ತದೆ ಅನ್ನೋದೇ ದೊಡ್ಡದು.

ಸ್ಮರಣ ಸಂಚಿಕೆಗೆ ಹಳೆಯ ಬರಹ ಹಾಕಲು ಅಷ್ಟು ಹೆದರಬೇಕಿಲ್ಲ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಲೆಕ್ಕ ಹಾಕಿ, ಅದು ಮುಗಿದಿದ್ದರೆ ಯಾರನ್ನೂ ಕೇಳಬೇಕಿಲ್ಲ. ಕೊಡಗಿನ ಗೌರಮ್ಮ ತೀರಿಕೊಂಡಿದ್ದು 1939ರಲ್ಲಿ, ಅವರ ಕಥೆ ಧಾರಾಳವಾಗಿ ಹಾಕಿ. ಕಾದಂಬರಿಕಾರ ಭಾರತೀಸುತರು ತೀರಿಕೊಂಡಿದ್ದು 1976ರಲ್ಲಿ, ಅಂದರೆ 2036 ಮುಗಿಯುವವರೆಗೆ ಕೇಳಿಯೇ ಹಾಕಬೇಕು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಅಚ್ಚು ಹಾಕಿಸಿದ ಕೊಡವ ಜಾನಪದ ಸಂಗ್ರಹ 'ಪಟ್ಟೋಲೆ ಪಳಮೆ'ಯ ಪುತ್ತರಿ (ಸುಗ್ಗಿ ಹಬ್ಬದ) ಹಾಡಿಗೂ ಅಡ್ಡಿಯಿಲ್ಲ. ಆದರೂ ಕೆಳಗೆ ಚಿಣ್ಣಪ್ಪನವರ ಹೆಸರು ಹಾಕಿ. ಊರೂರಿನ ಬಾಯಿಯ ಹಾಡನ್ನು ಕೂಡಿಸಿಟ್ಟವರು ಅವರು. ಅದೇ ಹಾಡನ್ನು ದುಡಿ ವಾದ್ಯ ಹಿಡಿದು ಈಗಿನವರು ಹಾಡಿ ಯೂಟ್ಯೂಬ್‌ಗೆ ಹಾಕಿದ್ದರೆ ಆ ರೆಕಾರ್ಡಿಂಗ್ ಊರಿನದ್ದಲ್ಲ. ನಿಮ್ಮ ಪ್ರಚಾರದ ವಿಡಿಯೋಗೆ ಬೇಕಿದ್ದರೆ ಅವರನ್ನೇ ಕೇಳಿ.

ಇನ್ನು ಜೆರಾಕ್ಸ್. ಪಾಠಕ್ಕೆ ಬೇಕಾದ ಪುಟಗಳನ್ನು ನಾನು ಮಾಡಿಕೊಡುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಕೇಸ್ ಹಾಕಿದ್ದರು. ಪಾಠಕ್ಕಾಗಿ ಪ್ರತಿ ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ ಅಂತ ಅಲ್ಲಿನ ಹೈಕೋರ್ಟ್ 2016ರಲ್ಲಿ ಹೇಳಿತು. ಎಲ್ಲೂ ಸಿಗದ ಹಳೆಯ ಪುಸ್ತಕ ಪೂರ್ತಿ ಬೇಕು ಅಂದರೂ, ಓದೋಕೆ ಅಂತಾದರೆ, ನನಗೆ ಮನಸ್ಸು ಕಚ್ಚುವುದಿಲ್ಲ. ಕಾನೂನು ಒಪ್ಪದೇ ಇರಬಹುದು. ಆದರೆ ನಮ್ಮೂರಿನವರೇ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿ, ಎದುರಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕವನ್ನು ತಂದು "ಫುಲ್ ಜೆರಾಕ್ಸ್" ಅಂದರೆ ಮಾಡಲ್ಲ. ರಸ್ತೆ ದಾಟಿ ಕೊಂಡುಕೊಳ್ಳಿ ಅಂತೀನಿ. ಕೆಲವರು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ, ಹೋಗಲಿ.

ಇಷ್ಟೆಲ್ಲ ರಗಳೆ ಬೇಡ ಅಂದರೆ ನಿಮ್ಮದೇ ಫೋಟೋ ತೆಗೆಯಿರಿ. ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಬೆಳಿಗ್ಗೆ ತೋಟಕ್ಕೆ ಹೋದರೆ ಸಾಕು, ಫೋನೇ ಸಾಕಾಗುತ್ತದೆ. ಕಳಿಸುವಾಗ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಸೈಜು ಕುಗ್ಗಿ, ಬ್ಯಾನರ್‌ನಲ್ಲಿ ಹೂವೆಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ.